ರೋಗಿ ಮಲಗಿದ ಮೇಲೆ ಎಚ್ಚರವಿರುವವರು ಯಾರು?

‘ಮತ್ತ ಎಚ್ಚರಾಗತೈತಿಲ್ಲೋ ತಮ್ಮಾ?’

ಕೆಲವು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲಿ, ಗಾಲಿಮಂಚದ ಮೇಲೆ ಮಲಗಿದ್ದ ನನ್ನ ಅಕ್ಕ ಕೇಳಿದ ಪ್ರಶ್ನೆಯಿದು. ಅವಳಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಹೊಟ್ಟೆಯನ್ನು ಕೊಯ್ಯುವ ವಿಷಯದಲ್ಲಿ ಅವಳಿಗೆ ಅಂಜಿಕೆಯಿರಲಿಲ್ಲ. ಮೂರು ಹೆರಿಗೆ, ಒಂದು ಕಾಲು ಮುರಿತ ಕಂಡವಳು. ಅವಳ ಅಂಜಿಕೆಯೆಲ್ಲ ಇದ್ದದ್ದು ‘ಮತ್ತಿನ ಸೂಜಿ’ಯ ಮೇಲೆ. ‘ಆಗತೈತಿ ಅಕ್ಕಾ, ಈಗಿನ ಕಾಲದಾಗ ಅದಕ್ಕೆಲ್ಲ ಯಾರು ಅಂಜತಾರ’ ಎಂದು ನಾನು ಸಮಾಧಾನ ಹೇಳಿದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ, ಆ ಉತ್ತರಕ್ಕೆ ಆಧಾರವೇನು ಎಂಬುದು ಆ ಕ್ಷಣದಲ್ಲಿ ಗೊತ್ತಿರಲಿಲ್ಲ ಎಂಬುದನ್ನು ಇಂದು ಒಪ್ಪಿಕೊಳ್ಳಬೇಕು.

ಆಸ್ಪತ್ರೆ ಇದ್ದದ್ದು ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳ ಪೈಕಿ ಒಂದರಲ್ಲಿ. ಯಾವ ಊರು, ಯಾವ ಆಸ್ಪತ್ರೆ ಎಂಬುದು ಇಲ್ಲಿ ಅಪ್ರಸ್ತುತ. ಏಕೆಂದರೆ ಅಲ್ಲಿ ನಡೆದದ್ದು ರಾಜ್ಯದ ಯಾವ ತಾಲ್ಲೂಕು ಕೇಂದ್ರದಲ್ಲಿಯಾದರೂ ನಡೆಯಬಹುದಾದದ್ದು.

ಅಂದು ಬೆಳಿಗ್ಗೆ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಗೆ ಹತ್ತು ನಿಮಿಷ ಮೊದಲು, ಮತ್ತೊಂದು ಊರಿನಿಂದ ಕಾರಿನಲ್ಲಿ ಬಂದಿಳಿದರು. ‘ಏನಾದರೂ ತಿಂದೀರೇನಮ್ಮ?’ ಎಂದು ಕೇಳಿದರು. ‘ಇಲ್ರೀ’ ಎಂದಳು ಅಕ್ಕ. ನಸುಕಿನಲ್ಲಿ ಹಾಲು ಹಾಕಿದ ಚಹಾ ಕುಡಿದಿದ್ದಳು. ಚಹಾ ಎಂದರೆ ‘ತಿನ್ನುವುದು’ ಅಲ್ಲವಲ್ಲ! ಶಸ್ತ್ರಚಿಕಿತ್ಸೆ ಒಂದು ತಾಸಿನೊಳಗೆ ಚೆನ್ನಾಗಿಯೇ ಮುಗಿಯಿತು. ಅಕ್ಕನನ್ನು ವಾರ್ಡಿಗೆ ತಂದು ಮಲಗಿಸುವಷ್ಟರಲ್ಲಿ ಅರಿವಳಿಕೆ ತಜ್ಞರ ಕಾರು ಮುಂದಿನ ಊರಿನ ದಾರಿ ಹಿಡಿದಿತ್ತು. ಅಕ್ಕ ಗೊರಕೆ ಹೊಡೆಯುತ್ತಿದ್ದಳು. ‘ಚೊಲೊ ನಿದ್ದಿ ಹತ್ತೈತಿ’ ಎಂದುಕೊಂಡು ಅವಳ ಸೊಸೆ ಬದಿಗೆ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಸಲೈನ್ ಬಾಟಲಿ ಬದಲಿಸಲು ಬಂದ ಹಿರಿಯ ಶುಶ್ರೂಷಕಿಯೊಬ್ಬರ ಕಣ್ಣಿಗೆ ಉಗುರುಗಳು ನೀಲಿಗಟ್ಟಿದ್ದು ಬಿತ್ತು. ಅವರು ಕೂಡಲೇ ಗದ್ದ ಮೇಲೆತ್ತಿ ಹಿಡಿದು, ಆಮ್ಲಜನಕದ ಮುಖವಾಡ ಹಾಕಿ, ಅಕ್ಕನ ಹೆಸರು ಹಿಡಿದು ಕೂಗತೊಡಗಿದರು. ಶಸ್ತ್ರವೈದ್ಯರು ಓಡಿ ಬಂದರು. ಅಕ್ಕ ಉಳಿದಳು.

ಅವಳು ಉಳಿದದ್ದು ವ್ಯವಸ್ಥೆಯಿಂದಲ್ಲ, ಸಲೈನ್ ಬಾಟಲಿ ಆ ಹೊತ್ತಿಗೆ ಖಾಲಿಯಾದದ್ದರಿಂದ. ಈ ಲೇಖನ ಬರೆಯಲು ಕಾರಣ ಇದೇ.

ಅಂಕಿ-ಅಂಶಗಳು ಏನು ಹೇಳುತ್ತವೆ?

ಪೂರ್ಣ ಅರಿವಳಿಕೆ ಅಪಾಯಕಾರಿಯೇ? ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟ ನನಗೆ ದೊರೆತ ಅಧ್ಯಯನಗಳಲ್ಲಿ ಮುಖ್ಯವಾದದ್ದು 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು. ಅನೇಕ ದೇಶಗಳಲ್ಲಿ ನೀಡಲಾದ ಎರಡು ಕೋಟಿಗೂ ಹೆಚ್ಚು ಅರಿವಳಿಕೆಗಳ ಲೆಕ್ಕವನ್ನು ಅದು ಒಟ್ಟುಗೂಡಿಸಿತು. 1970ಕ್ಕೆ ಮೊದಲು, ಅರಿವಳಿಕೆಯೊಂದೇ ಕಾರಣವಾಗಿ ಸಂಭವಿಸುತ್ತಿದ್ದ ಸಾವುಗಳು ಪ್ರತಿ 10 ಲಕ್ಷಕ್ಕೆ 357. ಕಳೆದ ಶತಮಾನದ ಕೊನೆಯ ದಶಕ ಮತ್ತು ಈ ಶತಮಾನದ ಮೊದಲ ದಶಕದ ಹೊತ್ತಿಗೆ ಅದು 34ಕ್ಕೆ ಇಳಿದಿತ್ತು. ಅಂದರೆ ಹತ್ತು ಪಟ್ಟು ಇಳಿಕೆ. ಮನುಷ್ಯನ ಯಾವ ಅಪಾಯಕರ ಉದ್ಯಮವೂ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಸುರಕ್ಷಿತವಾದ ಉದಾಹರಣೆಗಳು ವಿರಳ. ಆದ್ದರಿಂದ ಅರಿವಳಿಕೆಗೆ ಹೆದರಿ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಅವಿವೇಕವೇ ಸರಿ.

ಆದರೆ ಅದೇ ಅಧ್ಯಯನದಲ್ಲಿ ಮತ್ತೊಂದು ಸಂಖ್ಯೆಯಿದೆ. ಶಸ್ತ್ರಚಿಕಿತ್ಸೆಯ ಹಿಂದು-ಮುಂದಿನ ಅವಧಿಯಲ್ಲಿ, ಎಲ್ಲ ಕಾರಣಗಳಿಂದ ಒಟ್ಟು ಸಂಭವಿಸುವ ಸಾವುಗಳ ಸಂಖ್ಯೆ ಅದೇ ಕೊನೆಯ ಎರಡು ದಶಕಗಳಲ್ಲಿ 10 ಲಕ್ಷಕ್ಕೆ 1,176. ಮೂಲ ಕಾಯಿಲೆ, ರಕ್ತಸ್ರಾವ, ಸೋಂಕು, ಹೃದಯದ ದೌರ್ಬಲ್ಯ ಹೀಗೆ ಅನೇಕ ಕಾರಣಗಳು ಇದರಲ್ಲಿ ಸೇರಿವೆ. 34 ಮತ್ತು 1,176ರ ನಡುವಿನ ಅಂತರದಲ್ಲಿ ಎಲ್ಲವೂ ತಡೆಯಬಹುದಾದ ಸಾವುಗಳಲ್ಲ. ಆದರೆ ತಡೆಯಬಹುದಾದವು ಇರುವುದು ಹೆಚ್ಚಾಗಿ ಅಲ್ಲಿಯೇ. ಸುಧಾರಣೆಯ ಲಾಭ ಶ್ರೀಮಂತ ದೇಶಗಳಿಗೆ ಹೆಚ್ಚು, ಬಡ ದೇಶಗಳಿಗೆ ಕಡಿಮೆ ದೊರೆತಿದೆ ಎಂಬುದನ್ನೂ ಆ ಅಧ್ಯಯನ ದಾಖಲಿಸಿದೆ. ಔಷಧ ಅದೇ, ಸೂಜಿ ಅದೇ, ಮನುಷ್ಯ ದೇಹವೂ ಅದೇ. ವ್ಯತ್ಯಾಸವಿರುವುದು ಅದರ ಸುತ್ತಲಿನ ವ್ಯವಸ್ಥೆಯಲ್ಲಿ.

ಇದನ್ನು ಅರ್ಥ ಮಾಡಿಕೊಳ್ಳಲು ಅರಿವಳಿಕೆಯೆಂದರೇನು ಎಂಬುದನ್ನು ತಿಳಿಯಬೇಕು. ಅದನ್ನು ನಾವು ನಿದ್ದೆ ಎನ್ನುತ್ತೇವೆ, ಅದು ನಿದ್ದೆಯಲ್ಲ. ನಿದ್ದೆ ಹೋದವನು ಹೆಸರು ಕೂಗಿದರೆ ಏಳುತ್ತಾನೆ, ಗಂಟಲಿಗೆ ನೀರು ಹೋದರೆ ಕೆಮ್ಮುತ್ತಾನೆ, ಉಸಿರು ಕಟ್ಟಿದರೆ ಮಗ್ಗುಲು ಬದಲಿಸುತ್ತಾನೆ. ಪೂರ್ಣ ಅರಿವಳಿಕೆಯಲ್ಲಿ ಇದಾವುದೂ ಇಲ್ಲ. ಪ್ರಜ್ಞೆ, ನೋವು, ನೆನಪು ಇವು ಔಷಧದಿಂದ ತಡೆಯಲ್ಪಟ್ಟಿರುತ್ತವೆ. ಅನೇಕ ಶಸ್ತ್ರಚಿಕಿತ್ಸೆಗಳಲ್ಲಿ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಡುವುದರಿಂದ ರೋಗಿಯ ಸ್ವಂತ ಉಸಿರಾಟವೇ ನಿಲ್ಲುತ್ತದೆ. ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಯಂತ್ರದ ಮೂಲಕ ಉಸಿರಾಡಿಸಲಾಗುತ್ತದೆ. ಆ ಕ್ಷಣದಿಂದ ಅವನ ಉಸಿರು ಮತ್ತೊಬ್ಬರ ಕೈಯಲ್ಲಿ. ಆಮ್ಲಜನಕ ಕೆಲವೇ ನಿಮಿಷ ತಪ್ಪಿದರೂ ಮಿದುಳಿಗೆ ಆಗುವ ಹಾನಿಯನ್ನು ಸರಿಪಡಿಸಲಾಗದು. ಮತ್ತು ಬರಿಸುವ ಹೊತ್ತು, ಮತ್ತು ಇಳಿಯುವ ಹೊತ್ತು ಇವೆರಡೂ ಸೂಕ್ಷ್ಮ. ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಔಷಧದ ಶೇಷ ದೇಹದಲ್ಲಿರುತ್ತದೆ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಬಹುದು. ಅಕ್ಕನಿಗೆ ಆದದ್ದು ಇದೇ. ಗೊರಕೆ ನೆಮ್ಮದಿಯ ಲಕ್ಷಣವಾಗಿರಲಿಲ್ಲ, ಎಚ್ಚರಿಕೆಯ ಸದ್ದಾಗಿತ್ತು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಒಂದು ಕ್ಷಣದ ಕೆಲಸ. ನೀರು ಹರಿಯುವಷ್ಟು ಹೊತ್ತೂ ಬದುವಿನ ಮೇಲೆ ಒಬ್ಬರು ಎಚ್ಚರವಿರಬೇಕು. ನೀರು ಬಿಟ್ಟು ಮನೆಗೆ ಹೋದವನ ಗದ್ದೆ ಒಡೆದರೆ ನಾವು ನೀರನ್ನು ಬಯ್ಯುವುದಿಲ್ಲ.

ನಿಜಾಮರ ಸೀಮೆಯಲ್ಲಿ ನಡೆದ ಚರ್ಚೆ

ಈ ಚರ್ಚೆಗೂ ನಮ್ಮ ಭಾಗಕ್ಕೂ ಹಳೆಯ ನಂಟಿದೆಯೆಂಬುದು ಅನೇಕರಿಗೆ ತಿಳಿಯದು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಬಹಿರಂಗವಾಗಿ ತೋರಿಸಿದರು. ಮರುವರ್ಷ ಎಡಿನ್‌ಬರೊದ ಜೇಮ್ಸ್ ಸಿಂಪ್ಸನ್ ಕ್ಲೋರೊಫಾರ್ಮ್ ಬಳಕೆಗೆ ತಂದರು. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿ ಹ್ಯಾನಾ ಗ್ರೀನರ್, ಕಾಲ್ಬೆರಳಿನ ಉಗುರು ತೆಗೆಸಲು ಹೋಗಿ ಕ್ಲೋರೊಫಾರ್ಮ್‌ನಿಂದ ಪ್ರಾಣ ಬಿಟ್ಟಳು. ಸಾವು ಹೇಗೆ ಬರುತ್ತದೆ, ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬ ವಾದ ಅಲ್ಲಿಂದ ದಶಕಗಳ ಕಾಲ ನಡೆಯಿತು.

ಆ ವಾದ ಇತ್ಯರ್ಥಕ್ಕೆ ಬಂದದ್ದು ಹೈದರಾಬಾದಿಗೆ. ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ, ನಿಜಾಮ ಮೆಹಬೂಬ್ ಅಲಿ ಖಾನರ ಸರ್ಕಾರದ ಹಣದಲ್ಲಿ ಎರಡು ಕ್ಲೋರೊಫಾರ್ಮ್ ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ‘ಲ್ಯಾನ್ಸೆಟ್’ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರನ್ನು ಕಳುಹಿಸಿತ್ತು. ಹೈದರಾಬಾದಿನಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರ ಸಾಲಿನಲ್ಲಿ ನಿಲ್ಲುವವರು. ಆಗ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವೇ ಆಗಿತ್ತು. 1905ರಲ್ಲಷ್ಟೇ ಆ ಜಿಲ್ಲೆ ರದ್ದಾಗಿ ಲಿಂಗಸುಗೂರು ರಾಯಚೂರಿನಲ್ಲಿ ಸೇರಿತು. ಅಂದರೆ ಜಗತ್ತು ಕಿವಿಗೊಟ್ಟ ಆ ಪ್ರಯೋಗಕ್ಕೆ ತೆರಿಗೆ ತೆತ್ತವರಲ್ಲಿ ನಮ್ಮ ಅಜ್ಜಂದಿರೂ ಇದ್ದರು.

ಲಾರಿಯವರ ತೀರ್ಮಾನ: ಉಸಿರೇ ಮೊದಲು ನಿಲ್ಲುವುದು, ಆದ್ದರಿಂದ ಉಸಿರನ್ನು ನೋಡುತ್ತಿದ್ದರೆ ಸಾಕು. ಇದು ಪೂರ್ತಿ ಸರಿಯಲ್ಲವೆಂಬುದು ಅನಂತರ ತಿಳಿಯಿತು. ಕ್ಲೋರೊಫಾರ್ಮ್ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಹೃದಯವೋ ಉಸಿರೋ ಎಂಬ ವಿವಾದದಲ್ಲಿ ಸೋತರೂ, ರೋಗಿಯ ಉಸಿರಿನ ಮೇಲಿಂದ ಒಂದು ಕ್ಷಣವೂ ಗಮನ ಕದಲಬಾರದೆಂಬ ಅವರ ಬೋಧನೆ ಇಂದಿಗೂ ಸುಳ್ಳಾಗಿಲ್ಲ. ಕ್ಲೋರೊಫಾರ್ಮ್ ಮರೆಯಾಗಿದೆ. ಜಪಾನಿನ ತಕುವೊ ಆವೊಯಾಗಿ 1970ರ ದಶಕದಲ್ಲಿ ರೂಪಿಸಿದ ತತ್ತ್ವದಿಂದ ಪಲ್ಸ್ ಆಕ್ಸಿಮೀಟರ್ ಬಂತು. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೂ ಬಂದ, ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಸಾಧನವೇ ಅದು. ಶ್ವಾಸನಾಳದ ಕೊಳವೆ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನು ಇಂಗಾಲದ ಡೈಆಕ್ಸೈಡ್ ಅಳೆದು ಹೇಳುವ ಕ್ಯಾಪ್ನೋಗ್ರಾಫ್ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಾಸಣಾ ಪಟ್ಟಿಯನ್ನು ಹೊರತಂದಿತು. ದೆಹಲಿ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಒಂದು ಹಾಳೆಯ ಪಟ್ಟಿ! ಅದಕ್ಕೆ ತಗಲುವ ವೆಚ್ಚವೆಷ್ಟು ಎಂಬುದನ್ನು ಓದುಗರೇ ಅಂದಾಜಿಸಬಹುದು.

ನಾನು ಮುಚ್ಚಿದ ಒಂದು ಕಡತ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸೇವೆಯಲ್ಲಿದ್ದಾಗ, ಬೇರೊಂದು ಜಿಲ್ಲೆಯಲ್ಲಿ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಯುವಕನೊಬ್ಬ ತೀರಿಕೊಂಡ. ಊರಿನವರು ಸೇರಿ ಕಿಟಕಿಯ ಗಾಜು ಒಡೆದರು. ಶಾಂತಿ ಕಾಪಾಡಲು ಹೋದ ನನಗೇ ಪ್ರಾಥಮಿಕ ವಿಚಾರಣೆಯ ಹೊಣೆ ಬಂತು. ಯಾವ ಔಷಧ ಕೊಟ್ಟಿರಿ, ಎಷ್ಟು ಕೊಟ್ಟಿರಿ, ಅವಧಿ ಮೀರಿತ್ತೇ, ಪರವಾನಗಿ ಇದೆಯೇ ಎಂದೆಲ್ಲ ಕೇಳಿದೆ. ಎಲ್ಲವೂ ಸರಿಯಾಗಿತ್ತು. ‘ಅರಿವಳಿಕೆಯ ಅನಿರೀಕ್ಷಿತ ಪ್ರತಿಕೂಲ ಪರಿಣಾಮ’ ಎಂದು ಬರೆದು ವರದಿ ಸಲ್ಲಿಸಿದೆ. ಕಡತ ಮುಚ್ಚಿತು.

ಆತ ಸತ್ತದ್ದು ಕೊಠಡಿಯಲ್ಲಿ ಅಲ್ಲ, ವಾರ್ಡಿನಲ್ಲಿ. ಶಸ್ತ್ರಚಿಕಿತ್ಸೆ ಮುಗಿದು ಅರ್ಧ ತಾಸಿನ ಮೇಲೆ. ಅರಿವಳಿಕೆ ಕೊಟ್ಟವರು ಎಷ್ಟು ಹೊತ್ತಿಗೆ ಆಸ್ಪತ್ರೆ ಬಿಟ್ಟರು? ಆಮೇಲೆ ರೋಗಿಯ ಬಳಿ ಯಾರಿದ್ದರು? ಉಸಿರಾಟವನ್ನು ಎಷ್ಟು ಬಾರಿ ನೋಡಿ ಬರೆದಿಟ್ಟಿದ್ದರು? ಈ ಮೂರು ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಅವು ಕೇಳಬೇಕಾದ ಪ್ರಶ್ನೆಗಳೆಂಬುದು ನನಗೆ ಹೊಳೆದದ್ದು ಅಕ್ಕನ ನೀಲಿ ಉಗುರುಗಳನ್ನು ಕಂಡ ದಿನ. ಆ ಯುವಕನ ತಂದೆ ನನ್ನ ಕಚೇರಿಗೆ ಬಂದು, ‘ಸಾಹೇಬ್ರ, ಔಷಧ ಸರಿ ಇತ್ತು ಅಂದ್ರ ನನ್ನ ಮಗ ಯಾಕ ಸತ್ತ?’ ಎಂದು ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ದೊರೆಯಬಹುದಾದ ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ.

ಇದನ್ನು ಅರಿವಳಿಕೆ ತಜ್ಞರ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಅಕ್ಕನಿಗೆ ಅರಿವಳಿಕೆ ಕೊಟ್ಟ ವೈದ್ಯರು ಸಮರ್ಥರು. ಅಂದು ಅವರಿಗೆ ಎರಡು ಊರುಗಳಲ್ಲಿ ಮೂರು ಶಸ್ತ್ರಚಿಕಿತ್ಸೆಗಳಿದ್ದವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಗೆ ಪೋಣಿಸಿದ ಊರುಗಳು. ಒಂದು ತುದಿಯಿಂದ ಮತ್ತೊಂದಕ್ಕೆ ಸುಮಾರು ಒಂದು ತಾಸಿನ ದಾರಿ. ಸಿಂಧನೂರಿನಿಂದ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಎಂಬತ್ತು-ತೊಂಬತ್ತು ಕಿ.ಮೀ. ದೂರ. ಈ ನಡುವಿನ ಊರುಗಳಲ್ಲಿ ಹೊಟ್ಟೆನೋವು, ಮೂಳೆ ಮುರಿತ, ಹೆರಿಗೆ ಯಾವುದೂ ತಜ್ಞರ ಬಿಡುವು ನೋಡಿ ಬರುವುದಿಲ್ಲ.

ಲೆಕ್ಕವನ್ನೇ ನೋಡೋಣ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಐವರು ಅರಿವಳಿಕೆ ವೈದ್ಯರಿರಬೇಕೆಂಬುದು ಅರಿವಳಿಕೆ ತಜ್ಞರ ಜಾಗತಿಕ ಒಕ್ಕೂಟ ಇರಿಸಿಕೊಂಡಿರುವ ಗುರಿ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನಸಂಖ್ಯೆ 19.28 ಲಕ್ಷ. ಆ ಲೆಕ್ಕಕ್ಕೇ ಜಿಲ್ಲೆಗೆ 96 ಮಂದಿ ಬೇಕು. ಇಡೀ ಭಾರತವೇ ಈ ಗುರಿಯಿಂದ ಬಹು ದೂರದಲ್ಲಿರುವಾಗ ರಾಯಚೂರಿನ ಪಾಡನ್ನು ವಿವರಿಸಬೇಕಾಗಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಹಾಸಿಗೆ, ಶಾಲೆ, ರಸ್ತೆಗಳ ಲೆಕ್ಕ ನಮ್ಮ ಆಡಳಿತದ ಭಾಷೆಗೆ ಬಂತು. 2013ರಲ್ಲಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಬಂತು. ಕಟ್ಟಡವನ್ನು ಮಂಜೂರು ಮಾಡಬಹುದು, ಯಂತ್ರವನ್ನು ಖರೀದಿಸಬಹುದು. ಯಂತ್ರದ ಪಕ್ಕದಲ್ಲಿ ಕಣ್ಣು ಬಿಟ್ಟು ಕೂರುವ ಮನುಷ್ಯನನ್ನು ಟೆಂಡರ್ ಮೂಲಕ ತರಲಾಗದು.

ಅರ್ಥಶಾಸ್ತ್ರಜ್ಞ ಕೆನೆತ್ ಆರೊ 1963ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವನ್ನು ನಾನು ಓದಿದ್ದು ಎಂ.ಎ. ತರಗತಿಯಲ್ಲಿ. ವೈದ್ಯಕೀಯ ಸೇವೆಯ ಮಾರುಕಟ್ಟೆ ಬೇರೆ ಮಾರುಕಟ್ಟೆಗಳಂತಲ್ಲ. ಅಲ್ಲಿ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದರ ಗುಣಮಟ್ಟ ತಿಳಿಯದು, ಆದ್ದರಿಂದ ಅಲ್ಲಿ ನಂಬಿಕೆಯೇ ಬಂಡವಾಳ ಎಂಬುದು ಅದರ ಸಾರ. ಅರಿವಳಿಕೆಗೆ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುತ್ತದೆ. ಶಸ್ತ್ರವೈದ್ಯರ ಹೆಸರನ್ನು ನಾವು ನಾಲ್ಕು ಜನರಲ್ಲಿ ವಿಚಾರಿಸುತ್ತೇವೆ. ಅರಿವಳಿಕೆ ಕೊಡುವವರ ಹೆಸರು ಬಿಲ್ಲಿನಲ್ಲಿಯೂ ಇರುವುದಿಲ್ಲ. ಸೇವೆ ಪಡೆಯುವ ಹೊತ್ತಿನಲ್ಲಿ ಗ್ರಾಹಕನಿಗೆ ಪ್ರಜ್ಞೆಯೇ ಇರುವುದಿಲ್ಲ. ಸಂಭಾವನೆ ನಿಗದಿಯಾಗುವುದು ಒಂದು ಪ್ರಕರಣಕ್ಕೆ ಇಷ್ಟು ಎಂದೇ ಹೊರತು, ರೋಗಿ ಏಳುವವರೆಗೆ ಕೂತದ್ದಕ್ಕೆ ಇಷ್ಟು ಎಂದಲ್ಲ. ಕಾಯುವಿಕೆಗೆ ಬೆಲೆ ಕಟ್ಟದ ವ್ಯವಸ್ಥೆಯಲ್ಲಿ ಕಾಯುವವರು ಕಡಿಮೆಯಾದರೆ ಅಚ್ಚರಿಯೇನು?

ಶಸ್ತ್ರಚಿಕಿತ್ಸೆಯ ಆಚೀಚಿನ ಗಂಟೆಗಳು ಎಷ್ಟು ಅಪಾಯಕರ ಎಂಬುದನ್ನು ಈ ಭಾಗ ಇತ್ತೀಚೆಗೆ ಕಠೋರವಾಗಿ ಕಂಡಿದೆ. 2024ರ ಅಕ್ಟೋಬರ್‌ನಲ್ಲಿ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ವರು ಬಾಣಂತಿಯರು ಮೃತಪಟ್ಟ ಸುದ್ದಿ ಬಂತು. ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ ತನಿಖೆ ನಡೆಯಿತು. ಇವು ಅರಿವಳಿಕೆಯ ಸಾವುಗಳೆಂದು ನಾನು ಹೇಳುತ್ತಿಲ್ಲ. ಸಿಸೇರಿಯನ್‌ಗಳಲ್ಲಿ ಹೆಚ್ಚಿನವು ನಡೆಯುವುದು ಪೂರ್ಣ ಅರಿವಳಿಕೆಯಲ್ಲಲ್ಲ, ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ವಿಧಾನದಲ್ಲಿ. ಆದರೆ ಪಾಠ ಒಂದೇ: ಚಾಕು ಸುರಕ್ಷಿತವಾಗಿದ್ದರೆ ಸಾಲದು, ಮೊದಲಿನ ಮತ್ತು ಅನಂತರದ ಪ್ರತಿಯೊಂದು ಹೆಜ್ಜೆಗೂ ಹೊಣೆಗಾರರು ಬೇಕು.

ರೋಗಿಯ ಕಡೆಯವರ ಪಾಲು

ಎಲ್ಲವನ್ನೂ ಸರ್ಕಾರದ, ಆಸ್ಪತ್ರೆಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಶಸ್ತ್ರಚಿಕಿತ್ಸೆಗೆ ಆರು ತಾಸು ಮೊದಲು ಊಟ, ತಿಂಡಿ, ಹಾಲು, ಹಾಲಿನ ಚಹಾ ನಿಲ್ಲಿಸಬೇಕು. ಬರೀ ನೀರನ್ನು ಎರಡು ತಾಸು ಮೊದಲಿನವರೆಗೆ ಕುಡಿಯಬಹುದು ಎಂಬುದು ಸಾಮಾನ್ಯ ನಿಯಮ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ‘ಮುದುಕಿ, ಖಾಲಿ ಹೊಟ್ಟ್ಯಾಗ ಹ್ಯಾಂಗಿರತಾಳ’ ಎಂಬ ನಮ್ಮ ಅಂತಃಕರಣವೇ ಅವಳಿಗೆ ಶತ್ರುವಾಗಬಹುದು. ವರ್ಷಗಟ್ಟಲೆ ಗುಟ್ಕಾ ಜಗಿದವರ ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ಉಸಿರಿನ ಕೊಳವೆ ಇಳಿಸುವುದೇ ದುಸ್ತರವಾಗುತ್ತದೆ. ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅದನ್ನು ಮೊದಲೇ ಸರಿಪಡಿಸದೆ ಮೇಜಿಗೇರುವುದು ಸಾಲ ತೀರಿಸದೆ ಮತ್ತೆ ಸಾಲ ಮಾಡಿದಂತೆ.

ಒಂದು ಉದಾಹರಣೆ ಇನ್ನೂ ಬೋಧಪ್ರದ. ಸಕ್ಸಿನಿಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷ. ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವವರಲ್ಲಿ ಅದು ತಾಸುಗಟ್ಟಲೆ ಉಳಿಯುತ್ತದೆ. ನಮ್ಮ ಈ ಪೇಟೆಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವ ವೈಶ್ಯ ಸಮುದಾಯದಲ್ಲಿ ಇದು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆಂಬುದು ಭಾರತೀಯ ಅರಿವಳಿಕೆ ತಜ್ಞರಿಗೆ ಬಹುಕಾಲದಿಂದ ಗೊತ್ತು. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು 2006ರಲ್ಲಿ ಸಂಶೋಧಕರು ವರದಿ ಮಾಡಿದರು. ಇದು ರೋಗವಲ್ಲ, ದೋಷವೂ ಅಲ್ಲ. ನಿತ್ಯ ಜೀವನದಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಉಸಿರಾಟದ ಯಂತ್ರವಿದ್ದು, ಪಕ್ಕದಲ್ಲಿ ವೈದ್ಯರಿದ್ದರೆ ರೋಗಿ ಕೆಲವು ತಾಸು ತಡವಾಗಿ ಏಳುತ್ತಾನೆ, ಅಷ್ಟೇ. ಇಲ್ಲದಿದ್ದರೆ ಏಳುವುದಿಲ್ಲ. ಒಂದೇ ದೇಹ, ಒಂದೇ ಔಷಧ. ಫಲ ಮಾತ್ರ ಬೇರೆ. ‘ನಮ್ಮ ಚಿಕ್ಕಪ್ಪಗ ಆಪರೇಷನ್ ಆದಾಗ ಭಾಳ ಹೊತ್ತು ಎಚ್ಚರಾಗಿರಲಿಲ್ಲ’ ಎಂಬ ಮನೆಯ ಮಾತನ್ನು ಹಿಂದಿನ ದಿನವೇ ವೈದ್ಯರ ಕಿವಿಗೆ ಹಾಕಿದರೆ ಅವರು ಬೇರೆ ಔಷಧ ಆರಿಸಿಕೊಳ್ಳುತ್ತಾರೆ. ಆದರೆ ಆ ಮಾತನ್ನು ಕೇಳಲು ಹಿಂದಿನ ದಿನ ವೈದ್ಯರು ಸಿಗಬೇಕಲ್ಲ!

ಮಾಡಬಹುದಾದದ್ದು ಏನು?

ನನ್ನ ಸಲಹೆಗಳು ನಾಲ್ಕು. ಯಾವುದಕ್ಕೂ ದೊಡ್ಡ ಬಜೆಟ್ ಬೇಕಿಲ್ಲ.

ಮೊದಲನೆಯದು, ಹೆಸರು. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬರುವವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದು ಬಂಡೆಗಳ ಮೇಲೆ ಸಿಗುತ್ತಿತ್ತು. ಅದು ಅಶೋಕನದೇ ಎಂದು ಹೆಸರು ಹಿಡಿದು ಖಚಿತಪಡಿಸಿದ್ದು ಮಸ್ಕಿ. ಹೆಸರಿಲ್ಲದ ಹೊಣೆ ಊಹೆಯಾಗಿಯೇ ಉಳಿಯುತ್ತದೆ. ಪ್ರತಿ ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ, ರೋಗಿಗೆ ಕೊಡುವ ಬಿಡುಗಡೆ ಪತ್ರದಲ್ಲಿ ಅರಿವಳಿಕೆ ಕೊಟ್ಟವರ ಹೆಸರು, ಅವರು ಬಂದ ಸಮಯ, ಹೊರಟ ಸಮಯ, ಅನಂತರ ರೋಗಿಯನ್ನು ವಹಿಸಿಕೊಂಡವರ ಹೆಸರು ಇರಲಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಇದನ್ನು ಪರಿಶೀಲಿಸಬಹುದು. ಸರ್ಕಾರಿ ಆಸ್ಪತ್ರೆಗಳಿಗೂ ಇದೇ ನಿಯಮ ಅನ್ವಯಿಸಲಿ.

ಎರಡನೆಯದು, ಒಪ್ಪಿಗೆ ಪತ್ರ. ಅರಿವಳಿಕೆಯಲ್ಲಿ ಮಲಗಿದ್ದ ಮಹಿಳೆಯ ಗರ್ಭಕೋಶವನ್ನು, ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ (ಸಮೀರಾ ಕೋಹ್ಲಿ ಪ್ರಕರಣ) ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡಿ, ತುರ್ತು ಇಲ್ಲದಾಗ ರೋಗಿಯ ಸ್ವಂತ, ತಿಳಿವಳಿಕೆಯ ಒಪ್ಪಿಗೆ ಅಗತ್ಯವೆಂದು ಸ್ಪಷ್ಟಪಡಿಸಿತು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಮೇಲೆ ಗಾಲಿಮಂಚದ ಪಕ್ಕ ಒತ್ತಿಸಿಕೊಂಡ ಹೆಬ್ಬೆಟ್ಟು ತಿಳಿವಳಿಕೆಯ ಒಪ್ಪಿಗೆಯಾದೀತೇ? ಅರಿವಳಿಕೆಗೆ ಪ್ರತ್ಯೇಕವಾದ, ಕನ್ನಡದ ಒಪ್ಪಿಗೆ ಪತ್ರವಿರಲಿ. ಸಿಂಧನೂರಿನ ಪುನರ್ವಸತಿ ಶಿಬಿರಗಳ ಬಂಗಾಳಿ ಮಾತನಾಡುವ ಕುಟುಂಬಗಳಿಗೆ ಅವರ ಭಾಷೆಯಲ್ಲಿ ಓದಿ ಹೇಳಲಿ. ತುರ್ತಲ್ಲದ ಶಸ್ತ್ರಚಿಕಿತ್ಸೆಯಲ್ಲಿ ಹಿಂದಿನ ದಿನವೇ ಅರಿವಳಿಕೆ ತಜ್ಞರು ರೋಗಿಯನ್ನು ನೋಡಲಿ. ಬರಲಾಗದಿದ್ದರೆ ದೂರವಾಣಿಯಲ್ಲಾದರೂ ಮಾತನಾಡಲಿ.

ಮೂರನೆಯದು, ಕಾಯುವ ಕಣ್ಣು. ಮೂರು ಊರುಗಳ ಸರ್ಕಾರಿ ಆಸ್ಪತ್ರೆಗಳಿಗೆ ಒಂದೇ ಸರದಿ ಪಟ್ಟಿ ಮಾಡಿ, ಯಾವ ದಿನ ಎಲ್ಲಿ ತಜ್ಞರಿರುತ್ತಾರೆ ಎಂಬುದನ್ನು ಮೊದಲೇ ಪ್ರಕಟಿಸಬಹುದು. ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆಯ ಅರಿವಳಿಕೆ ಕಲಿಸುವ ತರಬೇತಿ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮೊದಲಿನಿಂದಲೂ ಇದೆ. ತರಬೇತಾದವರನ್ನು ಬೇರೆ ಕೆಲಸಕ್ಕೆ ವರ್ಗಾಯಿಸುವ ಚಾಳಿ ನಿಲ್ಲಬೇಕು. ವರ್ಗಾವಣೆ ಪಟ್ಟಿಗಳು ಹೇಗೆ ತಯಾರಾಗುತ್ತವೆಂಬುದನ್ನು ಬಲ್ಲ ನಾನು ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ಗಂಟೆಗಳಲ್ಲಿ ಬೇರೆ ಕೆಲಸವಿಲ್ಲದ, ತರಬೇತಿ ಪಡೆದ ಒಬ್ಬ ಶುಶ್ರೂಷಕಿ, ಒಂದು ಆಕ್ಸಿಮೀಟರ್, ಒಂದು ಆಮ್ಲಜನಕದ ಕೊಳವೆ ಇವು ಇಲ್ಲದ ಕಡೆ ಪೂರ್ಣ ಅರಿವಳಿಕೆ ಕೊಡಲೇಬಾರದೆಂಬ ನಿಯಮವಿರಲಿ.

ನಾಲ್ಕನೆಯದು, ಸಾವಿನ ಪರಿಶೀಲನೆ. ತಾಯಂದಿರ ಮರಣದ ಪರಿಶೀಲನೆಯ ಪದ್ಧತಿ ಈಗಾಗಲೇ ನಮ್ಮಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರದ ಸಾವುಗಳಿಗೂ ಅದನ್ನು ವಿಸ್ತರಿಸಬೇಕು. ಯಾರನ್ನೋ ಬಲಿ ಹಾಕಲು ಅಲ್ಲ, ಮುಂದಿನ ಸಾವನ್ನು ತಪ್ಪಿಸಲು. ಗಾಜು ಒಡೆಯುವ ಗುಂಪಿಗೂ ಕಡತ ಮುಚ್ಚುವ ಅಧಿಕಾರಿಗೂ ಬೇಕಿಲ್ಲದ ಸತ್ಯ, ಮಗನನ್ನು ಕಳೆದುಕೊಂಡ ತಂದೆಗೆ ಬೇಕಾಗಿರುತ್ತದೆ.

ಇಷ್ಟೆಲ್ಲ ಆಗುವವರೆಗೆ ಕಾಯದೆ, ಓದುಗರು ತಮ್ಮವರನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವಾಗ ವಿನಯದಿಂದಲೇ ಕೇಳಬಹುದಾದ ಪ್ರಶ್ನೆಗಳಿವೆ. ಅರಿವಳಿಕೆ ಕೊಡುವವರು ಯಾರು? ಅವರು ಯಾವಾಗ ನೋಡಲು ಬರುತ್ತಾರೆ? ಎಷ್ಟು ಹೊತ್ತಿನವರೆಗೆ ಇರುತ್ತಾರೆ? ಅವರು ಹೋದ ಮೇಲೆ ಪಕ್ಕದಲ್ಲಿ ಯಾರಿರುತ್ತಾರೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ವೈದ್ಯರನ್ನು ನಾನು ಹೆಚ್ಚು ಕಂಡಿಲ್ಲ. ಒಳ್ಳೆಯ ವೈದ್ಯರಿಗೆ ಇವು ತಾವೇ ಕೇಳಿಕೊಳ್ಳುವ ಪ್ರಶ್ನೆಗಳು.

ಕಳೆದ ವರ್ಷ ಅಕ್ಕನಿಗೆ ಮತ್ತೊಂದು ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ದಿನವೇ ಅರಿವಳಿಕೆ ತಜ್ಞೆಯೊಬ್ಬರು ಬಂದು ಕಾಲು ತಾಸು ಅವಳೊಡನೆ ಕುಳಿತು ಮಾತನಾಡಿದರು. ಅಕ್ಕ ಈ ಸಲ ನಸುಕಿನ ಚಹಾವನ್ನು ಬಿಟ್ಟಳು. ಗಾಲಿಮಂಚದ ಮೇಲಿಂದ ಮತ್ತೆ ಅದೇ ಪ್ರಶ್ನೆ ಕೇಳಿದಳು. ಈ ಬಾರಿ ನನ್ನ ಬಳಿ ಉತ್ತರವಿತ್ತು: ‘ಏಳ್ತಿ ಅಕ್ಕಾ. ನೀ ಏಳೋ ತನಕಾ ನಿನ್ನ ತಲಿ ಕಡೆ ಯಾರು ಕೂತಿರತಾರ ಅನ್ನೋದನ್ನ ಕೇಳಿ ಬಂದೀನಿ.’